ಹೆಣ ಕಣ್ಣು ಬಿಡಬಾರದು

ಭೀಮೇಶ್: ಹೆಣ ಯಾಕಮ್ಮ ಬೇಕು?

ನಾನು: ಹೆಣ ಇಲ್ದ ಹ್ಯಾಂಗ ಅಳಬೇಕ್ರಿ?

ಭೀಮೇಶ್: ಸುಮ್ನೆ ಅಳಿ. ಹದಿನೈದು ನಿಮಿಷ. ಆಮೇಲೆ ತಮಟೆ ಇದೆ.

ನಾನು: ಯಾರ ಸತ್ತಾರ?

ಭೀಮೇಶ್: ಯಾರೂ ಸತ್ತಿಲ್ಲ.

ನಾನು: ಮತ್ತ? ಬದುಕಿದವ್ರ ಮುಂದ ಅತ್ರ ಹೊಡಿತಾರ್ರಿ.

ಭೀಮೇಶ್ ಮಹದೇವಪುರದವನೇ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ತಿಂಗಳ ಎರಡನೇ ಭಾನುವಾರ ಶಾಲೆಯ ಮೈದಾನದಲ್ಲಿ ಹಳ್ಳಿ ಹಾಡು ಹಾಡಿಸುತ್ತಾನೆ. ತತ್ವಪದ ಆಯಿತು. ಸೋಬಾನೆ ಆಯಿತು. ಈ ಸಲ ಸತ್ತ ಮನೆಯಲ್ಲಿ ಹಾಡಿಕೊಂಡು ಅಳುವ ಪದ. ನಮ್ಮ ಕಲಬುರಗಿ ಕಡೆಯವರು ಇಲ್ಲಿ ಯಾರು ಸತ್ತರೂ ನನ್ನನ್ನೇ ಕರೆಯುತ್ತಾರೆ. ಪಕ್ಕದ ರೂಮಿನ ಜಟ್ಟೆಮ್ಮನ ಮಾವ ಸತ್ತಾಗ ಇವನು ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದ. ನಡುವೆ, 'ಅಮ್ಮ, ಒಂದು ನಿಮಿಷ ಅಳು ನಿಲ್ಲಿಸಿ, ಕ್ಯಾಸೆಟ್ ತಿರುಗಿಸ್ಬೇಕು' ಅಂದ. ನಿಲ್ಲಿಸಿದೆ. ಜಟ್ಟೆಮ್ಮನೂ ನಿಲ್ಲಿಸಿದಳು.

ಭೀಮೇಶ್: ಪಾಂಪ್ಲೆಟ್ ಪ್ರಿಂಟ್ ಆಗೋಗಿದೆ. ನೋಡಿ, 'ಸುಭದ್ರಮ್ಮ ಮತ್ತು ತಂಡ'.

ನಾನು: ತಂಡ ಯಾರ್ರಿ?

ಭೀಮೇಶ್: ಅದನ್ನ ನೀವೇ ಹೇಳ್ಬೇಕು.

ನಾನು: ಹೆಣಾನೇ ನನ್ನ ತಂಡ.

ಭೀಮೇಶ್: ಹೋಗ್ಲಿ, ನಿಮ್ಮ ಯಜಮಾನ್ರನ್ನ ನೆನೆಸ್ಕೊಂಡು ಹಾಡಿ.

ನಾನು: ಅವ್ರ ಮ್ಯಾಲ ಪದ ಬರೂದಿಲ್ರಿ.

ಅವರು ಹೋಗಿ ಎಂಟು ತಿಂಗಳು. ಊರಿಗೆಲ್ಲ ಅತ್ತವಳು ನಾನು. ಆ ದಿನ ಒಂದು ಪದವೂ ಬರಲಿಲ್ಲ. ಜಟ್ಟೆಮ್ಮ ಅತ್ತಳು. ಅವಳಿಗೆ ಧಾಟಿ ಗೊತ್ತಿಲ್ಲ.

ಭೀಮೇಶ್: ಅಕ್ಕಿ ಮೂಟೆಗೆ ಪಂಚೆ ಉಡಿಸಿ ಇಟ್ರೆ?

ನಾನು: ಅಕ್ಕಿ ಮೂಟಿ ಸತ್ರ ಯಾರ ಅಳ್ತಾರ್ರಿ? ನೀವೇ ಕೂಡ್ರಿ.

ಭೀಮೇಶ್: ನಂಗಿನ್ನೂ ಮದ್ವೆ ಆಗಿಲ್ಲಮ್ಮ! ಸತ್ತೋನಿಗೆ ಯಾರು ಹುಡುಗಿ ಕೊಡ್ತಾರೆ?

ಅಷ್ಟರಲ್ಲಿ ಚಲುವಯ್ಯ ಬಂದರು. ನಾವಿರುವ ಹನ್ನೆರಡು ರೂಮುಗಳ ಮಾಲೀಕರು. ಅವರ ಮಲಗುವ ಕೋಣೆಗೂ ನನ್ನ ಒಲೆಗೂ ನಡುವೆ ಒಂದೇ ಗೋಡೆ. ನಮ್ಮವರು ಇದ್ದಾಗ ಅವರ ನೀರಿನ ಮೋಟಾರು ರಿಪೇರಿ ಮಾಡಿಕೊಡುತ್ತಿದ್ದರು. ಆಗ ಚಲುವಯ್ಯನವರಿಗೆ ನನ್ನ ಜೋಳದ ರೊಟ್ಟಿಯ ಸಪ್ಪಳ ಕೇಳಿಸುತ್ತಿರಲಿಲ್ಲ. ನಮ್ಮವರು ಹೋದ ಮೇಲೆ ಕೇಳಿಸತೊಡಗಿತು. ಹೆಂಡತಿ ಪಿಳ್ಳಮ್ಮನ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಏಳಕ್ಕೆ ಮೊದಲು ರೊಟ್ಟಿ ಬಡಿಯಬಾರದು ಅಂದರು. ನಾನು ಆರಕ್ಕೆ ಕೆಲಸಕ್ಕೆ ಹೊರಡಬೇಕು. ಎರಡು ತಿಂಗಳಿಂದ ಬನ್ನು ತಿನ್ನುತ್ತಿದ್ದೆ. ಬನ್ನು ಊಟವಲ್ಲ.

ಚಲುವಯ್ಯ: ಏನಮ್ಮೋ, ಮತ್ತೆ ಗಲಾಟೆ? ನಮ್ಮ ಪಿಳ್ಳಮ್ಮಂಗೆ ನಿದ್ದೆ ಇಲ್ಲ ಅಂತ ಎಷ್ಟು ಸಲ ಹೇಳ್ಲಿ?

ನಾನು: ರೊಟ್ಟಿ ಅಲ್ರಿ. ಹೆಣ ಹುಡುಕ್ಲಾಕತ್ತೀವಿ.

ಚಲುವಯ್ಯ: ನನ್ನ ವಠಾರದಲ್ಲಾ?

ಭೀಮೇಶ್: ಪ್ರೋಗ್ರಾಂಗೆ ಸಾರ್. ಬದುಕಿರೋ ಹೆಣ ಆದ್ರೆ ಸಾಕು. ನೀವೇ ಯಾಕಾಗಬಾರ್ದು?

ಚಲುವಯ್ಯ: ಥೂ! ಅಪಶಕುನ.

ನಾನು: ಸತ್ತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತದ್ರಿ.

ಚಲುವಯ್ಯ: ನೆಲದ ಮೇಲೆ ಮಲಗಕ್ಕೆ ನನ್ನ ಸೊಂಟ ಬಗ್ಗಲ್ಲ.

ನಾನು: ನಮ್ಮಲ್ಲಿ ಮಲಗಸೂದಿಲ್ರಿ. ಕುರ್ಚಿ ಮ್ಯಾಲ ಕೂಡಸ್ತೀವಿ. ಹಣಿಗಿ ವಿಭೂತಿ. ಕೊಳ್ಳಾಗ ಹಾರ.

ಚಲುವಯ್ಯ: ಕುರ್ಚಿನಾ?

ಭೀಮೇಶ್: ಸ್ಟೇಜ್ ಮಧ್ಯದಲ್ಲಿ.

ಚಲುವಯ್ಯ: ಹಾರ ಎಷ್ಟುದ್ದ?

ಚಲುವಯ್ಯನವರು ನಗರಸಭೆ ಚುನಾವಣೆಯಲ್ಲಿ ಎರಡು ಸಲ ಸೋತವರು. ಮದುವೆಯ ದಿನ ಬಿಟ್ಟರೆ ಅವರ ಕೊರಳಿಗೆ ಹಾರ ಬಿದ್ದಿಲ್ಲ.

ಭೀಮೇಶ್: ಮಂಡಿ ತನಕ ಬರತ್ತೆ ಸಾರ್. ಸುಗಂಧರಾಜ.

ಚಲುವಯ್ಯ: ನಡುವೆ ಗುಲಾಬಿ ಹಾಕ್ಸು. ನಾನು ಬರ್ತೀನಿ.

ನಾನು: ಒಂದ ಮಾತ್ರಿ. ಹೆಣ ಕಣ್ಣ ಬಿಡಬಾರದು. ಮಾತಾಡಬಾರದು. ನಾ ಏನ ಅಂದ್ರೂ ಕೇಳಿಕೋತ ಕೂಡಬೇಕು.

ಚಲುವಯ್ಯ: ಅಷ್ಟೇ ತಾನೆ? ಪಿಳ್ಳಮ್ಮನ ಮುಂದೆ ಮೂವತ್ತು ವರ್ಷದಿಂದ ಅದನ್ನೇ ಮಾಡ್ತಾ ಇದೀನಿ.

ನಾನು: ನೀವು ಮಾಡಿದ್ದ ಒಳ್ಳೇದು ಹೇಳ್ರಿ. ಪದದಾಗ ಹಾಕಬೇಕು.

ಚಲುವಯ್ಯ ಮೀಸೆ ತೀಡಿದರು. ಆಕಾಶ ನೋಡಿದರು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು.

ಚಲುವಯ್ಯ: ಲೇ ಪಿಳ್ಳಮ್ಮ! ನಾನು ಏನೇನು ಒಳ್ಳೇದು ಮಾಡಿದೀನಿ ಹೇಳೇ!

ಪಿಳ್ಳಮ್ಮ (ಒಳಗಿನಿಂದ): ಈಗ್ಲೇ ಹೇಳ್ಬೇಕಾ?

ಭಾನುವಾರ ಬಂತು. ಪಿಳ್ಳಮ್ಮ ಇನ್ನೂ ಏನೂ ಹೇಳಿರಲಿಲ್ಲ. ಮೈದಾನ ತುಂಬ ಜನ. ಚಲುವಯ್ಯ ರೇಷ್ಮೆ ಪಂಚೆ ಉಟ್ಟು, ಹಾರ ಹಾಕಿಕೊಂಡು, ಕಣ್ಣು ಮುಚ್ಚಿ ಕೂತರು. ನಾನು ಸೆರಗು ಹೊದ್ದು ಕುರ್ಚಿಯ ಮುಂದೆ ಕೂತೆ. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮುಖ್ಯ ಅತಿಥಿ ಚಿನ್ನಪ್ಪ ಬಂದರು. ಚಲುವಯ್ಯನವರನ್ನು ಎರಡು ಸಲವೂ ಸೋಲಿಸಿದವರು ಇವರೇ.

ಚಿನ್ನಪ್ಪ: ಏನ್ರೀ ಇದು? ಮುಖ್ಯ ಅತಿಥಿ ನಾನು. ಹಾರ ಇವನಿಗೆ ಹಾಕಿದೀರ?

ಭೀಮೇಶ್: ಸಾರ್, ಅವರು ಹೆಣ.

ಚಿನ್ನಪ್ಪ: ಅದು ಎಲೆಕ್ಷನ್ ದಿನಾನೇ ಗೊತ್ತಾಯ್ತು. ಹಾರ ಯಾಕೆ?

ಭೀಮೇಶ್: ಪಕ್ಕದಲ್ಲಿ ಕೂತ್ಕೊಳಿ ಸಾರ್. ನಿಮಗೂ ಹಾಕ್ತೀವಿ.

ಚಿನ್ನಪ್ಪ: ಬೇಡಪ್ಪ! ಜನ ಎರಡು ಹೆಣ ಅಂದ್ಕೊಂಡಾರು.

ಅವರು ಕೆಳಗೆ ಹೋಗಿ ಕೂತರು. ಚಲುವಯ್ಯನವರ ಮೀಸೆ ಅಲುಗಿತು.

ನಾನು (ಮೆಲ್ಲಗೆ): ಹೆಣ ನಗಬಾರದ್ರಿ.

ಹಾಡು ಶುರು ಮಾಡಿದೆ. ನನಗೆ ಗೊತ್ತಿದ್ದದ್ದನ್ನೇ ಹಾಡಿದೆ.

ಏಳೋ ನಮ್ಮಪ್ಪಾ, ಎದ್ದು ಮಾತಾಡೋ...
ಹನ್ನೆರಡು ಮನಿಗಿ ಒಂದ ಪಾಯಖಾನಿ ಕಟ್ಟಿಸಿದ್ಯೋ,
ಚೊಂಬು ಹಿಡಿದು ನಿಂತು ನಿನ್ನ ನೆನಿತೀವೋ...
ನೀರಿನ ಮೋಟಾರಿನ ಕೀಲಿ ಉಡದಾರಕ್ಕ ಕಟಗೊಂಡ್ಯೋ,
ಕೀಲಿ ಕೊಟ್ಟಾದರೂ ಹೋಗಬಾರದೇನೋ...

ಮುಂದೆ ಕೂತಿದ್ದ ನಮ್ಮ ವಠಾರದ ಹೆಂಗಸರು ಒಮ್ಮೆಗೇ ಬಿಕ್ಕಿದರು. ಜಟ್ಟೆಮ್ಮ 'ಖರೇ ಅದ ಯವ್ವಾ!' ಎಂದು ಎದೆ ಬಡಿದುಕೊಂಡಳು. ಹೆಣ ಒಂದು ಕಣ್ಣು ಬಿಟ್ಟಿತು.

ನಾನು: ಕಣ್ಣ ಮುಚ್ರಿ.

ಚಲುವಯ್ಯ (ತುಟಿ ಅಲುಗಿಸದೆ): ಒಳ್ಳೇದು ಹೇಳಮ್ಮ!

ನಾನು: ಹುಡುಕ್ಲಾಕತ್ತೀನ್ರಿ.

ರೊಟ್ಟಿ ಬಡಿಬ್ಯಾಡಂದ ಬಾಯಿ ಈಗ ಎಲ್ಲಿ ಹೋತೋ...
ಪಿಳ್ಳವ್ವನ ನಿದ್ದಿ ಕಾಯ್ದ ಗಂಡನೋ,
ಇನ್ನ ಆಕಿ ನಿದ್ದಿ ಯಾರು ಕಾಯ್ತಾರೋ...

ಪಿಳ್ಳಮ್ಮ ಮೊದಲ ಸಾಲಿನಲ್ಲಿದ್ದಳು. ಎದ್ದು ನಿಂತಳು.

ಪಿಳ್ಳಮ್ಮ: ಏನಂದೆ? ನನ್ನ ನಿದ್ದೆನಾ? ನಾನು ನಾಲ್ಕಕ್ಕೇ ಎದ್ದು ಬಾಗಿಲಿಗೆ ನೀರು ಹಾಕ್ತೀನಿ! ಈಯಪ್ಪನ ಗೊರಕೆಲಿ ನಿನ್ನ ರೊಟ್ಟಿ ಸದ್ದು ಯಾರಿಗೆ ಕೇಳತ್ತೆ? ರೀ, ನಾನು ಯಾವಾಗ ಹೇಳ್ದೆ ಬಡೀಬೇಡ ಅಂತ?

ಹೆಣ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು.

ಪಿಳ್ಳಮ್ಮ: ಮಾತಾಡ್ರೀ!

ಭೀಮೇಶ್: ಅಮ್ಮ, ಹೆಣ ಮಾತಾಡಬಾರ್ದು.

ಪಿಳ್ಳಮ್ಮ: ಮನೇಲೂ ಇದೇ ಉಪಾಯ!

ಅವಳೂ ಸೆರಗು ಹೊದ್ದು ನನ್ನ ಪಕ್ಕ ಬಂದು ಕೂತಳು. ಕಲಿಸದೆಯೇ ಧಾಟಿ ಹಿಡಿದಳು. ಹಾಡಿಕೊಳ್ಳಲು ಮೂವತ್ತು ವರ್ಷದ ದೂರು ಇತ್ತು. ಜನ ಸಿಳ್ಳೆ ಹೊಡೆದು 'ಒನ್ಸ್ ಮೋರ್' ಅಂದರು. ಹದಿನೈದು ನಿಮಿಷ ಮುಗಿಯಿತು. ಅರ್ಧ ಗಂಟೆಯೂ ಮುಗಿಯಿತು. ತಮಟೆಯವರು ತಮಟೆ ಕೆಳಗಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಭೀಮೇಶ್: ಸಾಕು ನಿಲ್ಸಿ ಅಮ್ಮ!

ನಾನು: ನಡುವ ನಿಲ್ಲಸಬಾರದ್ರಿ. ಹೆಣ ಎತ್ತೂ ತನಕಾ ಅಳಬೇಕು.

ಭೀಮೇಶ್: ಎತ್ತೋರು ಯಾರು?

ಚಿನ್ನಪ್ಪ (ತೋಳು ಮಡಚುತ್ತಾ): ನಾನೊಂದು ಕಡೆ ಹಿಡೀತೀನಿ. ಇನ್ನು ಮೂರು ಜನ ಬನ್ನಿ!

ಮೂರಕ್ಕೆ ಆರು ಜನ ಬಂದರು. ಎಲ್ಲರೂ ನಮ್ಮ ವಠಾರದವರೇ. ಕುರ್ಚಿ ಮೇಲೆದ್ದಿತು.

ಚಲುವಯ್ಯ: ಎಲ್ಲಿಗ್ರೋ?

ನಾನು: ಹೆಣ ಕೇಳಬಾರದ್ರಿ.

ಚಲುವಯ್ಯ: ಇಳಿಸ್ರೋ! ಅಮ್ಮೋ, ನಿಲ್ಸಮ್ಮ! ರೊಟ್ಟಿ ಬಡ್ಕೋ! ಐದಕ್ಕಾದ್ರೂ ಬಡ್ಕೋ, ನಾಲ್ಕಕ್ಕಾದ್ರೂ ಬಡ್ಕೋ! ಪಿಳ್ಳಮ್ಮಂಗೆ ಏನೂ ತೊಂದ್ರೆ ಇಲ್ಲ!

ನಿಲ್ಲಿಸಿದೆ. ಚಪ್ಪಾಳೆ ಬಿತ್ತು. ಚಿನ್ನಪ್ಪ ಕುರ್ಚಿ ಕೆಳಗಿಟ್ಟರು.

ಚಿನ್ನಪ್ಪ: ಬದುಕ್ಬಿಟ್ನಲ್ಲಪ್ಪ. ಮತ್ತೆ ಎಲೆಕ್ಷನ್‌ಗೆ ನಿಲ್ತಾನೆ.

ಸೋಮವಾರ ಬೆಳಿಗ್ಗೆ ಐದು ಗಂಟೆ. ಹಿಟ್ಟು ನಾದಿ ಬಡಿಯತೊಡಗಿದೆ. ನಮ್ಮವರು ಇದ್ದಾಗ ನಾಲ್ಕು ರೊಟ್ಟಿ ಬಡಿಯುತ್ತಿದ್ದೆ. ಕೈ ಅಷ್ಟೇ ಹಿಟ್ಟು ತೆಗೆದುಕೊಂಡಿತ್ತು. ಗೋಡೆಯಾಚೆ ಗೊರಕೆ ನಿಂತಿತು.

ಚಲುವಯ್ಯ (ಗೋಡೆಯಾಚೆಯಿಂದ): ಅಮ್ಮೋ, ಇನ್ನೂ ಎಷ್ಟಿದೆ?

ನಾನು: ನಾಕ ರೊಟ್ಟಿರಿ. ಎರಡ ಆದವು.

ಚಲುವಯ್ಯ: ಒಬ್ಳಿಗೆ ನಾಲ್ಕಾ?

ನಾನು: ನನಗ ಎರಡ್ರಿ. ಎರಡ ಸತ್ತವ್ರಿಗಿ.

ಆಚೆ ಮಂಚ ಕಿರುಗುಟ್ಟಿತು. ಆಮೇಲೆ ಬಾಗಿಲು ತೆರೆದ ಸದ್ದು. ಚಲುವಯ್ಯ ತಟ್ಟೆ ಹಿಡಿದು ನನ್ನ ಹೊಸ್ತಿಲಿಗೆ ಬಂದರು. ಹಣೆಯಲ್ಲಿ ನಿನ್ನೆಯ ವಿಭೂತಿ ಹಾಗೇ ಇತ್ತು.

ಚಲುವಯ್ಯ: ಹಾಕಮ್ಮ. ಬಿಸಿ ಇದ್ದಾಗ್ಲೇ ತಿಂತೀನಿ.

ನಾನು ತಟ್ಟೆ ನೋಡಿದೆ. ರೊಟ್ಟಿ ನೋಡಿದೆ. ತಿನ್ನುವವರು ಯಾರಾದರೂ ತಿನ್ನಲಿ. ಎರಡೂ ಹಾಕಿದೆ.

ಚಲುವಯ್ಯ: ನಂಚ್ಕೊಳಕ್ಕೆ ಶೇಂಗಾ ಹಿಂಡಿ ಇಲ್ವಾ?

ನಾನು: ಹೆಣ ಮಾತಾಡಬಾರದ್ರಿ.