ಕಂಬದ ಹಿಂದಿನ ಎರಡು ಸೀಟು

ಒಂದು ಕಾಂಕ್ರೀಟ್ ಕಂಬವನ್ನು ನೋಡುವುದಕ್ಕೆ ಮೂವತ್ತೆಂಟು ಡಾಲರ್ ಕೊಡಬೇಕು ಎಂದರೆ ಯಾವ ಮಾನವಂತ ತಾನೇ ಸುಮ್ಮನಿದ್ದಾನು? ನಾರ್ಬರ್ಟ್ ಕುಬಿಯಾಕ್ ಇಪ್ಪತ್ತೆರಡು ವರ್ಷ ಸುಮ್ಮನಿದ್ದ. ಇಪ್ಪತ್ಮೂರನೆಯ ವರ್ಷ ಅವನ ತಾಳ್ಮೆಯ ಕಟ್ಟೆ ಒಡೆಯಿತು.

ಸೀಟು ಏಳು, ಸೀಟು ಎಂಟು. ಎರಡರ ನಡುವೆ, ಸರಿಯಾಗಿ ಮೂಗಿನ ನೇರಕ್ಕೆ, ಮೇಲಿನ ಅಂತಸ್ತನ್ನು ಹೊತ್ತ ಕಂಬ. ಏಳರಲ್ಲಿ ಕೂತ ನಾರ್ಬರ್ಟನಿಗೆ ಮೈದಾನದ ಎಡಭಾಗ ಕಾಣುತ್ತಿತ್ತು, ಎಂಟರಲ್ಲಿ ಕೂತ ಹೆಂಡತಿ ಡಾಲೊರಸ್‌ಗೆ ಬಲಭಾಗ. ಚೆಂಡು ಬಲಕ್ಕೆ ಹೋದಾಗಲೆಲ್ಲ ಅವನು "ಏನಾಯ್ತೇ? ಏನಾಯ್ತು?" ಎಂದು ಬಡಕೊಳ್ಳಬೇಕು, ಅವಳು ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತ ನಿಧಾನವಾಗಿ "ಬಿದ್ದ" ಎನ್ನಬೇಕು. "ಯಾರೇ ಬಿದ್ದಿದ್ದು?" "ನಮ್ಮೋನೇ. ಇನ್ಯಾರು ಬೀಳ್ತಾರೆ?" ಹೀಗೆ ಸತಿಪತಿಗಳಿಬ್ಬರೂ ಸೇರಿದರೆ ಒಂದು ಪೂರ್ಣ ಆಟವಾಗುತ್ತಿತ್ತು. (ಅವರ ದಾಂಪತ್ಯ ಉಳಿದು ಬಂದದ್ದೇ ಈ ಕಂಬದ ಆಧಾರದಿಂದ ಎಂದು ಡಾಲೊರಸ್‌ಳ ಅಭಿಪ್ರಾಯ.)

ಅಮೆರಿಕನ್ ಫುಟ್‌ಬಾಲ್ ಆಡುವ ಆ ತಂಡದ ಹೆಸರು ಆ್ಯಂಕರ್ಸ್, ಅಂದರೆ ಲಂಗರುಗಳು. ಹೆಸರಿಟ್ಟವರು ದೂರದೃಷ್ಟಿಯುಳ್ಳವರು, ಮುಳುಗುವ ಕೆಲಸವನ್ನು ತಂಡ ಹತ್ತೊಂಬತ್ತು ವರ್ಷಗಳಿಂದ ಶ್ರದ್ಧೆಯಿಂದ ಮಾಡಿಕೊಂಡು ಬಂದಿತ್ತು. ಸರೋವರದ ದಡದಲ್ಲಿ ಉಕ್ಕಿನ ಕಾರ್ಖಾನೆ ಹೊಗೆ ಉಗುಳುತ್ತಿದ್ದ ಕಾಲಕ್ಕೆ ಎಂಬತ್ತು ಸಾವಿರ ಜನರಿಗೆಂದು ಕಟ್ಟಿದ ಕ್ರೀಡಾಂಗಣ ಅದು. ಕಾರ್ಖಾನೆ ಮುಚ್ಚಿತು, ಜನ ದಕ್ಷಿಣದ ಬೆಚ್ಚನೆಯ ಊರುಗಳಿಗೆ ಗುಳೆ ಹೋದರು, ಸೀಟುಗಳು ಮಾತ್ರ ಇಲ್ಲೇ ಉಳಿದವು.

ಸೀಟು ತುಂಬದಿದ್ದರೆ ಶಿಕ್ಷೆಯಿತ್ತು. ಆಟಕ್ಕೆ ಎಪ್ಪತ್ತೆರಡು ಗಂಟೆ ಮೊದಲು ಕಟ್ಟಕಡೆಯ ಟಿಕೆಟ್ಟೂ ಮಾರಾಟವಾಗಿರಬೇಕು, ಇಲ್ಲವಾದರೆ ಬ್ಲ್ಯಾಕೌಟ್. ಕ್ರೀಡಾಂಗಣದ ಸುತ್ತ ಎಪ್ಪತ್ತೈದು ಮೈಲಿಯೊಳಗೆ ಯಾರ ಟಿವಿಯಲ್ಲೂ ಆಟ ಬರುವುದಿಲ್ಲ. ಹವಾಯಿಯ ಸಮುದ್ರತೀರದಲ್ಲಿ ಮಲಗಿದವನು ನೋಡಬಹುದು. ಅಡಿಗೆಮನೆಯ ಕಿಟಕಿಯಿಂದ ಕ್ರೀಡಾಂಗಣದ ದೀಪಗಳು ಕಾಣುವ ನಾರ್ಬರ್ಟ್ ನೋಡುವಂತಿಲ್ಲ. ಒಮ್ಮೆ ಅವನು ಹಟ ಹಿಡಿದು, ಕಾರಿನ ಮೀಟರಿನಲ್ಲಿ ಎಪ್ಪತ್ತೆಂಟು ಮೈಲಿ ತೋರಿಸುವ ತನಕ ಓಡಿಸಿ, ಒಂದು ಮೋಟೆಲಿನಲ್ಲಿ ಕೋಣೆ ಹಿಡಿದಿದ್ದ. ರಸ್ತೆ ಗುಡ್ಡ ಸುತ್ತಿಕೊಂಡು ಬರುತ್ತದೆಂದೂ, ಲೀಗಿನವರು ಕಾಗೆ ಹಾರಿದಂತೆ ನೇರ ಗೆರೆಯಲ್ಲಿ ಅಳೆಯುತ್ತಾರೆಂದೂ, ಆ ಲೆಕ್ಕದಲ್ಲಿ ತಾನಿರುವುದು ಅರವತ್ತೊಂದನೆಯ ಮೈಲಿಯಲ್ಲೆಂದೂ ಅವನಿಗೆ ತಿಳಿದದ್ದು ಟಿವಿ ಹಾಕಿದ ಮೇಲೆ. ಮೂರು ಗಂಟೆ ಕಾಲ ಮೀನು ಹಿಡಿಯುವ ಕಾರ್ಯಕ್ರಮ ನೋಡಿ ಮನೆಗೆ ಬಂದಿದ್ದ.

ಹೀಗೆ ನೊಂದ ಜೀವ ಆ ವರ್ಷ ಬೇಸಿಗೆಯಲ್ಲಿ ಟಿಕೆಟ್ ಬೆಲೆ ಮತ್ತೆ ಏರಿದ ಸುದ್ದಿ ಓದಿ ಸೀಟುಗಳನ್ನು ಬಿಟ್ಟುಕೊಟ್ಟಿತು. ಬಿಟ್ಟು ಸುಮ್ಮನಿದ್ದರೆ ಕಥೆಯೇ ಇರಲಿಲ್ಲ. ವಾಂಡಾಳ ಹೋಟೆಲಿನಲ್ಲಿ ಬಿಯರ್ ಮಗ್ಗನ್ನು ಮೇಜಿಗೆ ಕುಟ್ಟಿ, "ಬಹಿಷ್ಕಾರ!" ಎಂದು ಘೋಷಿಸಿದ.

"ಯಾರೂ ಒಂದು ಟಿಕೆಟ್ಟೂ ತಗೋಬೇಡಿ! ಖಾಲಿ ಸೀಟು ನೋಡಿ ನೋಡಿ ಮಾಲೀಕ ತಾನಾಗೇ ದಾರಿಗೆ ಬರ್ತಾನೆ."

"ಆಟಗಾರರಿಗೆ ಲಕ್ಷಗಟ್ಟಲೆ ಸುರೀಬೇಕಲ್ಲಯ್ಯಾ, ಪಾಪ, ಅವನಾದ್ರೂ ಎಲ್ಲಿಂದ ತರ್ತಾನೆ?" ಎಂದ ಎಲ್‌ರಾಯ್. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಅವನಿಗೆ ಯಾವುದಕ್ಕೂ ಅವಸರವಿರಲಿಲ್ಲ.

"ಟಿವಿಯೋರು ಕೊಡ್ತಾರೆ ಕಣಯ್ಯಾ! ಎಲ್ಲಾ ತಂಡಕ್ಕೂ ಸಮಪಾಲು. ಒಂದೇ ಒಂದು ಟಿಕೆಟ್ ಹೋಗ್ದಿದ್ರೂ ಅವನ ಮನೆ ಒಲೆ ಉರಿಯುತ್ತೆ!"

"ಹಂಗಾದ್ರೆ ನಾವು ತಗೊಳ್ದಿದ್ರೆ ಅವನಿಗೇನಯ್ಯಾ ನಷ್ಟ?"

ನಾರ್ಬರ್ಟನ ಅರ್ಥಶಾಸ್ತ್ರ ಇಲ್ಲಿ ಒಂದು ಕ್ಷಣ ಕೆಮ್ಮಿತು. "ಅದು... ಅದು ಮಾನದ ಪ್ರಶ್ನೆ," ಎಂದು ಸಾವರಿಸಿಕೊಂಡು, ಗೋಡೆಯ ಮೇಲಿದ್ದ ಮಾಂಸದಂಗಡಿಯ ಕ್ಯಾಲೆಂಡರನ್ನು ಕಿತ್ತು, ಅದರ ಬೆನ್ನಿಗೆ ಪ್ರತಿಜ್ಞೆ ಬರೆದ: ‘ಸತ್ತರೂ ಟಿಕೆಟ್ ಕೊಳ್ಳೆವು.’ ನಲವತ್ಮೂರು ಜನ ಸಹಿ ಹಾಕಿದರು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪಗೆ, ನಾರ್ಬರ್ಟನದು. ವಾಂಡಾ ಅದನ್ನು ಟಿವಿಯ ಪಕ್ಕದಲ್ಲೇ ತೂಗುಹಾಕಿದಳು.

ಸೋಲುವ ತಂಡವನ್ನು ಬಹಿಷ್ಕರಿಸುವುದು ಸುಲಭ. ಆದರೆ ಆ ದ್ರೋಹಿ ತಂಡ ಆ ವರ್ಷವೇ ಗೆಲ್ಲತೊಡಗಿತು! ಡಿಸೆಂಬರ್ ಬರುವ ಹೊತ್ತಿಗೆ ಉಳಿದದ್ದು ಒಂದೇ ಆಟ, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚಿನ ಭಾನುವಾರ, ನಮ್ಮೂರಲ್ಲೇ. ಗೆದ್ದರೆ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಮುಂದಿನ ಸುತ್ತು. ಮಾಲೀಕ ತಕ್ಷಣ ಆ ಒಂದು ಆಟದ ಬೆಲೆಯನ್ನು ನಲವತ್ತೈದಕ್ಕೆ ಏರಿಸಿದ. ಬುಧವಾರ ಸಾವಿರದ ಇನ್ನೂರು ಟಿಕೆಟ್ ಉಳಿದಿದ್ದವು. ಗುರುವಾರ ಬೆಳಿಗ್ಗೆ ರೇಡಿಯೋದವನು ಕಿರುಚಿದ: "ಎರಡು! ಇನ್ನು ಎರಡೇ ಎರಡು! ಮಧ್ಯಾಹ್ನ ಒಂದು ಗಂಟೆ ಗಡುವು!"

ಆ ಎರಡು ಯಾವುವೆಂದು ರೇಡಿಯೋದವನು ಹೇಳಲಿಲ್ಲ. ನಾರ್ಬರ್ಟನಿಗೆ ಹೇಳಬೇಕಾಗಿಯೂ ಇರಲಿಲ್ಲ. ಜಗತ್ತಿನಲ್ಲಿ ಅವುಗಳನ್ನು ಕೊಳ್ಳುವಷ್ಟು ದಡ್ಡ ಒಬ್ಬನೇ ಇದ್ದ, ಅವನು ಪ್ರತಿಜ್ಞೆ ಮಾಡಿ ಕೂತಿದ್ದ.

"ಅಳಿಯಂದ್ರೇ," ಎಂದಳು ಒಳಗಿನಿಂದ ಬುಷಾ. ಡಾಲೊರಸ್‌ಳ ತಾಯಿ ಅವಳು, ಎಂಬತ್ನಾಲ್ಕು ವರ್ಷ. ಪೋಲೆಂಡಿನವರ ಮನೆಗಳ ವಾಡಿಕೆಯಂತೆ ಮೊಮ್ಮಕ್ಕಳು ಕರೆಯುವ ಬುಷಾ ಎಂಬ ಹೆಸರೇ ಎಲ್ಲರ ಬಾಯಲ್ಲೂ ನಿಂತಿತ್ತು. ಮಂಡಿನೋವು, ಸಕ್ಕರೆ ಕಾಯಿಲೆಗಳ ನಡುವೆ ಅವಳಿಗಿದ್ದ ಒಂದೇ ಸುಖವೆಂದರೆ ಭಾನುವಾರ ಟಿವಿಯ ಮುಂದೆ ಕೂತು ರೆಫರಿಯ ವಂಶೋದ್ಧಾರ ಮಾಡುವುದು. "ಭಾನುವಾರ ಆಟ ಬರ್ಲಿಲ್ಲ ಅಂದ್ರೆ ಒಂದ್ಮಾತು ಹೇಳಿರ್ತೀನಿ. ಹಬ್ಬದ ಹಿಂದಿನ್ ರಾತ್ರಿ ದಾರಿಹೋಕರಿಗೆ ಅಂತ ಒಂದು ಖಾಲಿ ತಟ್ಟೆ ಇಡ್ತೀವಲ್ಲ, ಅಲ್ಲಿ ನೀನು ಕೂತ್ಕೋ. ನಿನ್ನ ಜಾಗಕ್ಕೆ ನಾನು ಬೀದೀಲಿ ಹೋಗೋ ಯಾರನ್ನಾದ್ರೂ ಕರ್ಕೊಂಬರ್ತೀನಿ."

"ಅಮ್ಮ, ಅವನದು ಸಿದ್ಧಾಂತ," ಎಂದಳು ಡಾಲೊರಸ್.

"ಸಿದ್ಧಾಂತನ ಟಿವೀಲಿ ತೋರಿಸ್ತಾರಾ?"

ಅತ್ತ ದರಿ, ಇತ್ತ ಪುಲಿ. ಮುದುಕಿಯ ಮಾತಿರಲಿ, ಸ್ವತಃ ನಾರ್ಬರ್ಟನಿಗೇ ಆಟ ಬೇಕಿತ್ತು. ಹತ್ತೊಂಬತ್ತು ವರ್ಷ ಅವರ ಸೋಲನ್ನು ಅರ್ಧರ್ಧ ನೋಡಿದವನು ಒಂದು ಗೆಲುವನ್ನು ಪೂರ್ತಿ ನೋಡದೆ ಸಾಯಬೇಕೆ? ಹನ್ನೆರಡೂವರೆಗೆ ಮಫ್ಲರನ್ನು ಕಣ್ಣಿನ ತನಕ ಸುತ್ತಿಕೊಂಡು, ಎದುರಾಳಿ ತಂಡದ ಟೋಪಿ ಹಾಕಿಕೊಂಡು, ಕ್ರೀಡಾಂಗಣದ ಟಿಕೆಟ್ ಕಿಟಕಿಯ ಮುಂದೆ ನಿಂತ.

"ಎರಡು," ಎಂದ ದಪ್ಪ ದನಿ ಮಾಡಿಕೊಂಡು.

"ಇರೋದೇ ಎರಡು ಸಾರ್. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಎದುರಿಗೆ ಒಂದು ಕಂಬ ಇದೆ."

"ಗೊತ್ತು."

"ದೊಡ್ಡ ಕಂಬ ಸಾರ್. ನೀವು ನೋಡಿಲ್ಲ ಅಂತ ಕಾಣುತ್ತೆ."

"ಇಪ್ಪತ್ತೆರಡು ವರ್ಷದಿಂದ ಅದನ್ನೇ ನೋಡಿರೋದು ಕಣಮ್ಮಾ!"

ಕಿಟಕಿಯವಳು ಕಣ್ಣರಳಿಸಿದಳು. "ಅಯ್ಯೋ, ಕುಬಿಯಾಕ್ ಅವರಾ! ಈ ಟೋಪೀಲಿ ಗುರುತೇ ಸಿಗ್ಲಿಲ್ಲ ನೋಡಿ."

ತೊಂಬತ್ತು ಡಾಲರ್ ತೆತ್ತು ಹೊರಬಿದ್ದ. ಪ್ರತಿಜ್ಞೆ ಮಾಡಿದವನು ಕ್ರೀಡಾಂಗಣದಲ್ಲಿ ಮುಖ ತೋರಿಸುವಂತಿಲ್ಲ. ಟಿಕೆಟ್ಟುಗಳನ್ನು ಹರಿದು ಹಾಕೋಣವೆಂದರೆ, ಮುರಿದ ಛತ್ರಿಯನ್ನೂ ಎಸೆಯದ ಕೈಗೆ ಅದು ಬಾರದು. ಕೊನೆಗೆ ಮನೆಯಲ್ಲಿ ಯಾರೂ ಮುಟ್ಟದ ಜಾಗವೊಂದು ಹೊಳೆಯಿತು: ಗೋಡೆಯ ಮೇಲೆ, ಪೋಲೆಂಡಿನವರು ಪೂಜಿಸುವ ಕಪ್ಪು ದೇವಮಾತೆಯ ಪಟದ ಹಿಂದೆ, ಚರ್ಚಿನಿಂದ ತಂದಿಟ್ಟ ಒಪ್ವಾಟೆಕ್‌ನ ಲಕೋಟೆ. ಹಪ್ಪಳಕ್ಕಿಂತ ತೆಳುವಾದ ಆ ಹಬ್ಬದ ರೊಟ್ಟಿಯನ್ನು ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆಯೇ ತೆಗೆದು, ಒಬ್ಬರಿಗೊಬ್ಬರು ಮುರಿದು ಕೊಡುವುದು. ಸೋಮವಾರದ ತನಕ ಅದರ ಕಡೆ ಯಾರೂ ಕಣ್ಣೆತ್ತಿಯೂ ನೋಡರು. ಟಿಕೆಟ್ಟುಗಳನ್ನು ಎರಡು ರೊಟ್ಟಿಯ ನಡುವೆ ತೂರಿಸಿ, ಮಾತೆಗೆ ಕೈಮುಗಿದ.

ಅಂದು ಸಂಜೆ ವಾಂಡಾಳ ಹೋಟೆಲಿನಲ್ಲಿ ಸಂತೋಷಕ್ಕೂ ಸಿಟ್ಟಿಗೂ ಒಟ್ಟಿಗೆ ಹಬ್ಬ. ಟಿವಿಯಲ್ಲಿ ಆಟ ಬರುತ್ತದೆ! ಆದರೆ ಆ ಎರಡು ಟಿಕೆಟ್ ಕೊಂಡವನು ಯಾರು?

"ನಮ್ಮಲ್ಲೇ ಒಬ್ಬ ಇರ್ಬೇಕು," ಎಂದು ಎಲ್‌ರಾಯ್ ನಿಧಾನವಾಗಿ ಸುತ್ತ ನೋಡಿದ. "ಹೊರಗಿನೋರಿಗೆ ಅಂಥ ಸೀಟು ತಗೊಳ್ಳೋ ಹುಚ್ಚು ಎಲ್ಲಿರುತ್ತೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾರ್ಬರ್ಟ್ ಹೆಗಲು ಮುಟ್ಟಿಕೊಳ್ಳುವ ಬದಲು ಎದ್ದು ನಿಂತು ಭಾಷಣ ಮಾಡಿದ. "ಹಿಡೀರಿ ಆ ದ್ರೋಹಿನ! ಸಿಕ್ಕಿದ್ರೆ ಈಸ್ಟರ್ ಹಬ್ಬದ ತನಕ ಪ್ರತಿ ಭಾನುವಾರ ಇಲ್ಲಿರೋ ಎಲ್ಲರ ಬಿಯರ್ರೂ ಅವನದೇ! ಬರ್ಕೋ ವಾಂಡಾ!" ವಾಂಡಾ ಪ್ರತಿಜ್ಞೆಯ ಕೆಳಗೇ ಅದನ್ನೂ ಬರೆದುಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾನುವಾರ ನಾರ್ಬರ್ಟ್ ಆಟ ನೋಡಲು ವಾಂಡಾಳ ಹೋಟೆಲಿಗೆ ಹೊರಡುವಾಗ ಬುಷಾ ಒಂದರ ಮೇಲೊಂದು ಮೂರು ಸ್ವೆಟರ್ ತೊಟ್ಟು ಕೂತಿದ್ದಳು. ಉಳಿತಾಯಕ್ಕೆಂದು ಮನೆಯ ಹೀಟರನ್ನು ತಗ್ಗಿಸಿದ್ದವನು ತಾನೇ ಆದ್ದರಿಂದ ಅವನು ಅದರ ಬಗ್ಗೆ ಕೇಳುವ ಗೋಜಿಗೆ ಹೋಗಲಿಲ್ಲ.

"ನಮಗೇನೂ ಹೇಳೋದಿಲ್ವಾ ನಾರ್ಬಿ?" ಎಂದಳು ಡಾಲೊರಸ್.

"ಏನ್ ಹೇಳೋದಿದೆ?"

"ಏನಿಲ್ಲ. ಹೋಗ್ಬಾ."

ಆಟದ ಕೊನೆಗೆ ನಾಲ್ಕು ಸೆಕೆಂಡು ಉಳಿದಿತ್ತು. ಆ್ಯಂಕರ್ಸ್ ಎರಡು ಅಂಕ ಹಿಂದೆ. ಒಬ್ಬ ಬಂದು ಚೆಂಡನ್ನು ಮೈದಾನದ ತುದಿಯ ಎರಡು ಹಳದಿ ಗೂಟಗಳ ನಡುವೆ ಒದ್ದರೆ ಮೂರು ಅಂಕ, ಗೆಲುವು, ಸ್ವರ್ಗ. ವಾಂಡಾಳ ಹೋಟೆಲಿನಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ. ಎದುರಾಳಿಗಳು ಆಟ ನಿಲ್ಲಿಸಲು ಸಮಯ ಕೇಳಿದರು. ಬಿಡುವಿನಲ್ಲಿ ಕ್ಯಾಮೆರಾ ಜನರ ಕಡೆ ತಿರುಗಿತು.

ಮೊದಲು ಕಂಡದ್ದು ಒಂದು ಕಂಬ. ಕಂಬದ ಎಡಗಡೆಯಿಂದ ಕಂಬಳಿ ಹೊದ್ದ ಒಂದು ಮುದುಕಿಯ ತಲೆ ಇಣುಕಿತು. ಬಲಗಡೆಯಿಂದ ಥರ್ಮಾಸ್ ಹಿಡಿದ ಇನ್ನೊಂದು ತಲೆ. ಇಬ್ಬರ ಕೈಯಲ್ಲೂ ಒಂದೊಂದು ರಟ್ಟು, ದಪ್ಪ ಅಕ್ಷರ. ಎಡದ್ದರಲ್ಲಿ: ‘ಕೊನೇ ಎರಡು ಟಿಕೆಟ್ ತಂದವನು.’ ಬಲದ್ದರಲ್ಲಿ: ‘ನಮ್ಮ ನಾರ್ಬರ್ಟ್ ಕುಬಿಯಾಕ್!’

"ಆಹಾ!" ಎಂದ ವೀಕ್ಷಕ ವಿವರಣೆಯವನು. "ಈ ಊರಿನವರೆಲ್ಲ ಇವತ್ತು ಮನೇಲಿ ಕೂತು ಆಟ ನೋಡ್ತಿರೋದು ಆ ಪುಣ್ಯಾತ್ಮನಿಂದ!"

ನಲವತ್ತೆರಡು ತಲೆಗಳು ಒಟ್ಟಿಗೆ ನಾರ್ಬರ್ಟನ ಕಡೆ ತಿರುಗಿದವು. ನಾರ್ಬರ್ಟ್ ಕ್ಯಾಲೆಂಡರಿನ ಕಡೆ ನೋಡಿದ. ತನ್ನ ಸಹಿ ಅಷ್ಟು ದಪ್ಪಗಿದೆಯೆಂದು ಅವನಿಗೆ ಅದುವರೆಗೂ ಅನ್ನಿಸಿರಲಿಲ್ಲ. ಹಾಗೆ ಎಲ್ಲರೂ ಅವನನ್ನೇ ದುರುಗುಟ್ಟುತ್ತಿದ್ದಾಗ ಟಿವಿಯಲ್ಲಿ ‘ಠಣ್’ ಎಂದು ಒಂದು ಸದ್ದಾಯಿತು. ಹತ್ತೊಂಬತ್ತು ವರ್ಷ ಕಾದ ಆ ಒಂದು ಒದೆತವನ್ನು ಅಲ್ಲಿದ್ದವರಲ್ಲಿ ಒಬ್ಬರೂ ನೋಡಲಿಲ್ಲ.

"ಏನಾಯ್ತು?" ಎಂದ ನಾರ್ಬರ್ಟ್, ಅಭ್ಯಾಸಬಲದಿಂದ.

"ಗೂಟಕ್ಕೆ ಬಡಿದು ಹೊರಗೋಯ್ತು," ಎಂದಳು ಬಿಯರ್ ಬಗ್ಗಿಸುತ್ತಿದ್ದ ವಾಂಡಾ, ಮೇಲೆ ಒಮ್ಮೆ ನೋಡಿ.

"ಕಂಬಗಳು ನಿನ್ನ ಜನ್ಮಕ್ಕೆ ಅಂಟ್ಕೊಂಡಿವೆ ಕಣಯ್ಯಾ," ಎಂದು ಎಲ್‌ರಾಯ್ ತನ್ನ ಮಗ್ಗನ್ನು ಮುಂದಕ್ಕೆ ತಳ್ಳಿದ. "ವಾಂಡಾ, ನನಗೆ ದೊಡ್ಡದು. ಈಸ್ಟರ್ ಏಪ್ರಿಲ್ ಕೊನೇಲಿ ಅಲ್ವಾ ಈ ಸಲ?"

ಸೋಮವಾರದ ಪತ್ರಿಕೆಯಲ್ಲಿ ಮಾಲೀಕನ ಹೇಳಿಕೆ ಬಂತು. ಕಂಬದ ಹಿಂದಿನ ಸೀಟುಗಳೂ ಉಳಿಯದೆ ಮಾರಾಟವಾಗಿರುವುದರಿಂದ ಜನರ ಬೇಡಿಕೆ ಎಷ್ಟಿದೆಯೆಂದು ತನಗೆ ಮನವರಿಕೆಯಾಗಿದೆ; ಆದ್ದರಿಂದ ಬರುವ ವರ್ಷ ಎಲ್ಲ ಬೆಲೆಯೂ ನಲವತ್ತೈದರಿಂದ ಆರಂಭ. ಕೆಳಗೆ ಇಬ್ಬರು ಹೆಂಗಸರ, ಒಂದು ಕಂಬದ ಚಿತ್ರ. ನಾರ್ಬರ್ಟ್ ಅದನ್ನು ಮೂರು ಸಲ ಓದಿದ. ಅರ್ಥಶಾಸ್ತ್ರ ಅವನಿಗೆ ಆಗ ಪೂರ್ತಿ ಅರ್ಥವಾಯಿತು, ಅಳು ಬಂತು.

ಸಂಜೆ ಮೊದಲ ನಕ್ಷತ್ರ ಕಂಡಿತು. ಬುಷಾ ಅವನನ್ನು ಅವನ ಜಾಗದಲ್ಲೇ ಕೂರಿಸಿ, ರೊಟ್ಟಿ ಮುರಿದು ಕೈಗಿಟ್ಟು, ನೂರು ವರ್ಷ ಬಾಳೆಂದು ಹರಸಿದಳು. ಆ ಬಾಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

"ಲಕೋಟೆ ಯಾಕೆ ತೆಗೆದ್ರಿ ಅತ್ತೆ?" ಎಂದ ಸೋತ ದನಿಯಲ್ಲಿ.

"ಶಿಕಾಗೋದ ತಂಗಿಗೆ ಒಂದು ತುಂಡು ಅಂಚೇಲಿ ಕಳಿಸೋದು ಮರ್ತಿದ್ದೆ. ಶನಿವಾರ ನೆನಪಾಯ್ತು. ತೆಗೆದ್ರೆ ಒಳಗೆ ಟಿಕೆಟ್ಟು! ಬಾಯಲ್ಲಿ ಬಯ್ಯೋನು, ಮನಸ್ಸು ಬಂಗಾರ ಅಂತ ನಾನೂ ಇವಳೂ ಎಷ್ಟು ಅತ್ವಿ ಗೊತ್ತಾ?"

ಡಾಲೊರಸ್ ಸೂಪಿನ ಬಟ್ಟಲಲ್ಲಿ ಮುಖ ತಗ್ಗಿಸಿದಳು. ಅಳುತ್ತಿರುವಂತೆ ಕಾಣಲಿಲ್ಲ.

"ಆಟವಾದ್ರೂ ಕಾಣಿಸ್ತಾ?"

"ಒಂದು ಕಡೇದೆಲ್ಲ ನಾನು ನೋಡ್ದೆ, ಇನ್ನೊಂದು ಕಡೇದು ಇವಳು ಹೇಳಿದ್ಲು. ಹಾಂ, ಮುಂದಿನ ವರ್ಷಕ್ಕೂ ಅದೇ ಸೀಟು ನಿನ್ನ ಹೆಸರಲ್ಲಿ ಹೇಳಿ ಬಂದಿದೀವಿ. ಆ ಕಂಬ ಸರೋವರದ ಗಾಳೀನ ಎಷ್ಟು ಚೆನ್ನಾಗಿ ತಡೆಯುತ್ತಪ್ಪಾ!"

"ಇರೋದು ಎರಡೇ ಸೀಟಲ್ವಾ? ನಾನು?"

"ನೀನು ಟಿವೀಲಿ ನೋಡು," ಎಂದಳು ಡಾಲೊರಸ್, ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸುತ್ತ. "ಎಲ್ಲಾ ಟಿಕೆಟ್ಟೂ ಹೋದ್ರೆ."