ಸೂಜಿ ಮಾಡದ ದವಾಖಾನೆ

ದವಾಖಾನೆಯಲ್ಲಿ ನಗು ತರಿಸುವಂಥದ್ದು ದಿನಾ ಏನಾದರೊಂದು ನಡೆಯುತ್ತದೆ. ಆದರೆ ಗುಣಮಟ್ಟ ಅಳೆಯುವ ತಂಡ ಬಂದ ದಿನ ನಡೆದಷ್ಟು ಎಂದೂ ನಡೆದಿಲ್ಲ. ನಾನು ಬಾಗಲಕೋಟೆ ಕಡೆಯ ಒಂದು ಹಳ್ಳಿಯ ಸರಕಾರಿ ದವಾಖಾನೆಯ ಸಿಸ್ಟರ್. ಹೋದ ವರ್ಷ ಸ್ವಲ್ಪದರಲ್ಲೇ ಫೇಲಾಗಿದ್ದೆವು. ಈ ಸಲ ಪಾಸಾದರೆ ಸಿಗುವ ಬಹುಮಾನದ ಹಣದಲ್ಲಿ ಬಾಣಂತಿಯರ ಕೋಣೆಗೆ ಬಿಸಿನೀರಿನ ಸೋಲಾರ್ ಹಾಕಿಸಬಹುದು ಅಂತ ನಮ್ಮ ಡಾಕ್ಟರ್ ಸಾಹೇಬರ ಆಸೆ. ಅಲ್ಲಿಯವರೆಗೆ ನೀರು ಕಾಯಿಸಿ ಹೊರುವ ಕರ್ಮ ನನ್ನದು.

1. ಪಾಳಿ

ಮೊದಲು, ಬೆಂಕಿ ಬಿದ್ದರೆ ಹೊರಗೋಡುವ ತಾಲೀಮು. ಗಂಟೆ ಬಾರಿಸಿದೆ. ಎಲ್ಲರೂ ಹೊರಗೆ ಓಡಿದರು. ಚೀಟಿ ಕಿಟಕಿಯ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಾತ್ರ ಕದಲಲಿಲ್ಲ.

"ಯವ್ವಾ, ಬೆಂಕಿ ಹತ್ತೇತಿ ಅಂತ ತಿಳಕೋ, ಹೊರಗ ನಡಿ!" ಅಂದೆ.

"ಹತ್ತಿದ್ರ ಹತ್ತಲಿ. ನಾ ಹ್ವಾದ್ರ ನನ್ನ ಪಾಳಿ ಹೋಗತೈತಿ."

ಕಡೆಗೆ ಅವಳ ಚಪ್ಪಲಿಯನ್ನು ಪಾಳಿಯಲ್ಲಿಟ್ಟು ಬರಿಗಾಲಲ್ಲಿ ಕರೆತಂದೆ. ತಿರುಗಿ ನೋಡಿದರೆ, ಓಡಿದವರೆಲ್ಲರೂ ಮರೆಯದೆ ತಮ್ಮ ಚಪ್ಪಲಿ ಪಾಳಿಯಲ್ಲೇ ಬಿಟ್ಟು ಓಡಿದ್ದರು!

2. ಫ್ಯಾನು

ರೋಗಿ ಎಷ್ಟು ಹೊತ್ತು ಕಾಯುತ್ತಾನೆ ಎಂಬುದಕ್ಕೂ ಅಂಕ. ತಂಡದ ಹಿರಿಯರು ಬೆಂಚಿನ ಮೇಲಿದ್ದ ಒಬ್ಬ ಅಜ್ಜನನ್ನು ಕೇಳಿದರು: "ಯಾವಾಗಿನಿಂದ ಕೂತಿದ್ದೀರಿ?"

"ಮುಂಜಾನಿ ಬಾಗಲಾ ತಗದಾಗಿಂದ್ರಿ."

ಪಕ್ಕದಲ್ಲಿದ್ದ ನಮ್ಮ ಡಾಕ್ಟರ್ ಸಾಹೇಬರ ಮುಖ ಬಿಳುಚಿತು.

"ಯಾರೂ ನೋಡಲೇ ಇಲ್ವಾ?" ಅಂದರು ಹಿರಿಯರು.

"ಯಾಕ ನೋಡಬೇಕ್ರಿ? ನನಗೇನಾಗೇತಿ? ಮನ್ಯಾಗ ಕರೆಂಟಿಲ್ಲ, ಇಲ್ಲಿ ಫ್ಯಾನ್ ಭಾಳ ಚಲೋ ಐತ್ರಿ."

ಸಾಹೇಬರು ಬೆವರೊರೆಸಿಕೊಂಡು ಅಜ್ಜನ ಪಕ್ಕದಲ್ಲೇ ಕೂತು, ತಾವೂ ಸ್ವಲ್ಪ ಗಾಳಿ ತೆಗೆದುಕೊಂಡರು.

3. ತಕರಾರು

ಕೊನೆಗೆ ರೋಗಿಗಳ ಅಭಿಪ್ರಾಯ. ಅಷ್ಟು ಜನರನ್ನು ಬಿಟ್ಟು ಹಿರಿಯರು ಪಾಳಿಯ ಅಜ್ಜಿಯನ್ನೇ ಹಿಡಿಯಬೇಕೇ!

"ಇಲ್ಲಿ ಹೇಗೆ ನೋಡ್ತಾರಜ್ಜಿ?"

"ಏನ್ ನೋಡ್ತಾರೋ ಯಪ್ಪಾ! ನೆಗಡಿ ಅಂದ್ರ ಸೂಜಿ ಮಾಡಂಗಿಲ್ಲ. ಸುಸ್ತು ಅಂದ್ರ ಸಲೈನ್ ಹಚ್ಚಂಗಿಲ್ಲ. ಬರೇ ಬಿಪಿ ನೋಡಿ, ಉಪ್ಪು ಕಮ್ಮಿ ತಿನ್ನು ಅಂತಾರ. ನಾ ಬರಲಿಲ್ಲಂದ್ರ ಈ ಸಿಸ್ಟರ್ ಮನೀಗೇ ಬರ್ತಾಳ. ಒಂದ್ ಗುಳಿಗಿ ತಪ್ಪಿಸಾಕೂ ಬಿಡಂಗಿಲ್ಲ!"

ಸೋಲಾರ್ ಹೋಯಿತು ಅಂತ ನಾನು ನೆಲ ನೋಡುತ್ತ ನಿಂತೆ. ಹಿರಿಯರು ಮಾತ್ರ ನಗುತ್ತ ಬರೆದುಕೊಂಡರು. "ಡಾಕ್ಟ್ರೇ, ಬೇಡದ ಇಂಜೆಕ್ಷನ್ ಕೊಡೋದಿಲ್ಲ, ಬಿಪಿ ಇರೋರನ್ನ ಕೈಬಿಡೋದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಪಾಸಾದೆವು. ಸೋಲಾರ್ ಬಂತು. ಮೊದಲ ಸಲ ನಲ್ಲಿ ತಿರುಗಿಸಿ ಬಿಸಿನೀರಿಗೆ ಕೈಯೊಡ್ಡಿದಾಗ ನನಗೆ ಎಷ್ಟು ಹಾಯೆನಿಸಿತೋ!

ಮುಂದೆ ಅಜ್ಜಿ ಬಂದಾಗ ಸಾಹೇಬರೇ ಎದ್ದು ಕೈಮುಗಿದರು: "ನಿನ್ನಿಂದನ ಪಾಸಾದ್ವಿ ನೋಡಬೇ ಯವ್ವಾ."

ಅಜ್ಜಿ ಕುಪ್ಪಸದ ತೋಳು ಮೇಲಕ್ಕೆಳೆದು ಸ್ಟೂಲಿನ ಮೇಲೆ ಕೂತಳು.

"ಹಂಗಾರ ಈಗರ ಒಂದ್ ಸೂಜಿ ಮಾಡ್ರಿ."