ಗುಹಾಸುರನಿಗೆ ಹೊಸ ಮುಖ

"ನೋಡ್ತಾ ಇರು, ನಾನು ಬಳಿಯೋ ಬಣ್ಣಕ್ಕೆ ಇವನನ್ನ ಹೆತ್ತ ಕಂಪನಿಯವರೇ ಬಂದು ಕೈ ಮುಗೀಬೇಕು" ಎಂದು ಕಲಾವಿದರು ಭಾನುವಾರ ಬೆಳಿಗ್ಗೆಯೇ ಹೆಂಡತಿಯ ಮುಂದೆ ಘೋಷಿಸಿದರು. ವಾರದ ಉಳಿದ ದಿನ ಅವರು ಹಲ್ಲಿನ ಸೆಟ್ಟು ತಯಾರಿಸುತ್ತಾರೆ. ಕಲಾವಿದರು ಎಂದು ಅವರನ್ನು ಕರೆಯುವವರು ಸದ್ಯಕ್ಕೆ ಅವರೊಬ್ಬರೇ.

ಅವರ ಕೈಯಲ್ಲಿದ್ದವನು ಗುಹಾಸುರ, ಗೇಣೆತ್ತರದ ಗೊಂಬೆ. ನಾಲ್ಕು ಜನ ಮೇಜಿನ ಸುತ್ತ ಕೂತು, ನಾನು ವೀರ, ನೀನು ಮಾಂತ್ರಿಕ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸಿ ಗೊಂಬೆ ರಾಕ್ಷಸರನ್ನು ಕೊಲ್ಲುವ ಹಳೇ ಕಾಲದ ಆಟವೊಂದಿದೆ. ಅದರಲ್ಲಿ ಸತ್ತ ರಾಕ್ಷಸರೆಲ್ಲ ಪುನರ್ಜನ್ಮಕ್ಕೆಂದು ಇವರ ಹಜಾರದ ಗಾಜಿನ ಕಪಾಟಿಗೆ ಬಂದು ಸೇರಿದ್ದರು. ಆ ಕಪಾಟು ಬಂದದ್ದು ಹೆಂಡತಿಯ ಪಿಂಗಾಣಿ ಪಾತ್ರೆಗಳಿಗೆ. ಪಾತ್ರೆಗಳು ಇನ್ನೂ ಮಂಚದ ಕೆಳಗೆ ಡಬ್ಬದಲ್ಲೇ ಅಜ್ಞಾತವಾಸದಲ್ಲಿದ್ದವು.

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಹೆಂಡತಿ ಕೊನೆಗೆ ಷರತ್ತು ಹಾಕಿದ್ದಳು. "ಸಂಜೆ ನಿಮ್ಮ ಭೂತಗನ್ನಡಿ ಬರ್ತಾರಲ್ಲ, ಅವರು ಒಬ್ಬ ರಾಕ್ಷಸನನ್ನಾದರೂ ಮೆಚ್ಚಿದರೆ ಕಪಾಟು ನಿಮಗೆ. ಇಲ್ಲಾಂದ್ರೆ ನಿಮ್ಮ ಬಳಗವೆಲ್ಲ ಅಟ್ಟಕ್ಕೆ."

ಭೂತಗನ್ನಡಿ ಅಂದರೆ ಇಂಥ ಗೊಂಬೆಗಳ ಸಂಗ್ರಾಹಕರ ಕೂಟದ ಹಿರಿಯರು. ಮಸೂರ ಹಿಡಿಯದೆ ಅವರು ಊಟದ ತಟ್ಟೆಯನ್ನೂ ನಂಬುವುದಿಲ್ಲ.

ಹೊಸ ಬಣ್ಣ ಹಚ್ಚಬೇಕಾದರೆ ಹಳೆಯದು ಹೋಗಬೇಕು. ಕಲಾವಿದರ ರಾಕ್ಷಸರೆಲ್ಲ ಸೀಸದವರು. ಇವನೂ ಅದೇ ಕುಲದವನೆಂದು ನಂಬಿ, ಹೆಂಡತಿಯ ಉಗುರುಬಣ್ಣ ತೆಗೆಯುವ ದ್ರವವನ್ನು ಬಟ್ಟಲಿಗೆ ಸುರಿದು, ಅವನನ್ನು ತಲೆಕೆಳಗಾಗಿ ಅದ್ದಿ, ನಿಶ್ಚಿಂತೆಯಿಂದ ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಹೆಂಡತಿ ಬಟ್ಟಲು ಹಿಡಿದು ನಿಂತಿದ್ದಳು.

"ರೀ, ಇದರಲ್ಲೇನಿದು ಅಂಟು?"

"ಮುಖ."

"ಯಾರದು?"

"ಈಗ ಯಾರದೂ ಅಲ್ಲ."

ಗುಹಾಸುರ ಪ್ಲಾಸ್ಟಿಕ್ಕಿನವನು! ತಲೆ ದ್ರವದಲ್ಲಿ ಕರಗಿ, ಕುತ್ತಿಗೆಯ ಮೇಲೆ ಏನೂ ಉಳಿದಿರಲಿಲ್ಲ.

"ಕೈಯಲ್ಲಿ ಹಿಡಿದಾಗ ತೂಕ ಗೊತ್ತಾಗಲಿಲ್ವಾ?"

"ಸ್ವಲ್ಪ ಸೊರಗಿದ್ದಾನೆ ಅಂದ್ಕೊಂಡೆ."

ಆದರೆ ಹಲ್ಲಿನ ಸೆಟ್ಟಿನವರು ಅಷ್ಟಕ್ಕೆಲ್ಲ ಬಗ್ಗುವವರೇ? ಕೃತಕ ವಸಡಿಗೆ ಬಳಸುವ ಗುಲಾಬಿ ಮಿಶ್ರಣವನ್ನು ಕಲಸಿ ಹೊಸ ತಲೆ ಕಟ್ಟಲು ಕೂತರು. ಮಾದರಿಗೆ ಚಿತ್ರವಿರಲಿಲ್ಲ, ಕನ್ನಡಿಯಿತ್ತು. ಅದರ ಮುಂದೆ ಕಣ್ಣು ಕೆಕ್ಕರಿಸಿ, ಬಾಯಿ ಕಿವಿಯವರೆಗೆ ಹಿಗ್ಗಿಸಿ, ಕಂಡದ್ದನ್ನು ಕಂಡಹಾಗೆ ಕೆತ್ತಿದರು.

ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಹಲ್ಲುನೋವಾ?"

"ರೌದ್ರರಸ."

"ಬಿಸಿನೀರು ಬೇಕಾ? ಅಂದಹಾಗೆ, ಅಟ್ಟದ ಏಣಿ ಒರೆಸಿಟ್ಟಿದ್ದೀನಿ."

ಏಣಿ ಎಂದೊಡನೆ ಕನ್ನಡಿಯೊಳಗಿನ ಕಣ್ಣುಗಳು ಬೆದರಿದವು. ಕೈ ಮಾತ್ರ ಕೆತ್ತುತ್ತಲೇ ಇತ್ತು.

ಸಂಜೆ ಭೂತಗನ್ನಡಿಯವರು ಬಂದು ಕಪಾಟಿನ ಉದ್ದಕ್ಕೂ ಮಸೂರ ಆಡಿಸಿ, "ಧೂಳು ಚೆನ್ನಾಗಿ ಒರೆಸಿದ್ದೀರಿ" ಎಂದರು. ಧೂಳು ಒರೆಸಿದ್ದು ಹೆಂಡತಿ. ಆಮೇಲೆ ಗುಹಾಸುರನ ಸರದಿ.

"ಆಹಾ, ಹಲ್ಲಿನ ಸಾಲು ನೋಡಿ! ಇಷ್ಟು ಚೊಕ್ಕ ಹಲ್ಲಿನ ರಾಕ್ಷಸನನ್ನ ನಾನು ಕಂಡೇ ಇಲ್ಲ."

ಕಲಾವಿದರು ಉಬ್ಬಿ ಹೆಂಡತಿಯ ಕಡೆ ತಿರುಗಿದರು. ಮಸೂರ ಮೆಲ್ಲಗೆ ಮೇಲೇರಿ ಕಣ್ಣುಗಳ ಹತ್ತಿರ ನಿಂತಿತು.

"ಆದರೆ ಇದು ರಾಕ್ಷಸ ಅಲ್ಲ ಸ್ವಾಮಿ. ರಾಕ್ಷಸನ ಕಣ್ಣಲ್ಲಿ ಇಷ್ಟೊಂದು ಹೆದರಿಕೆ ಇರಲ್ಲ. ಮನೇಲಿ ಏನೋ ಎಡವಟ್ಟು ಮಾಡಿ ಸಿಕ್ಕಿಬಿದ್ದಿರೋ ಯಾರೋ ಪಾಪದ ಮನುಷ್ಯ ಇವನು." ಹಾಗೆಂದವರು ತಲೆಯೆತ್ತಿ ಕಲಾವಿದರ ಮುಖ ನೋಡಿದರು, ಗೊಂಬೆ ನೋಡಿದರು, ಮತ್ತೆ ಮುಖ ನೋಡಿದರು. ದೊಡ್ಡ ಮನಸ್ಸಿನವರು, ಮಸೂರ ಜೇಬಿಗಿಳಿಸಿ ಚಪ್ಪಲಿ ಹುಡುಕತೊಡಗಿದರು.

ರಾತ್ರಿ ಊಟಕ್ಕೆ ಮುಂಚೆಯೇ ರಾಕ್ಷಸಕುಲ ಅಟ್ಟ ಸೇರಿತು. ಕಲಾವಿದರಿಗೆ ನಿಜವಾಗಿ ಅಳು ಬಂದಿತ್ತು. ಪಿಂಗಾಣಿ ತಟ್ಟೆಗಳನ್ನು ಜೋಡಿಸುತ್ತಿದ್ದ ಹೆಂಡತಿ, ಕೊನೆಯವನಾದ ಗುಹಾಸುರನನ್ನು ಅವರ ಕೈಯಿಂದ ತೆಗೆದುಕೊಂಡು ಕಪಾಟಿನ ನಟ್ಟನಡುವೆ ನಿಲ್ಲಿಸಿದಳು.

"ಇವನೊಬ್ಬ ಇಲ್ಲೇ ಇರಲಿ ಬಿಡಿ" ಎಂದಳು. "ಬಾಯಿ ಅಷ್ಟಗಲ ತೆರೆದರೂ ಒಂದು ಮಾತೂ ಆಡದ ಗಂಡ ಇನ್ನೆಲ್ಲಿ ಸಿಗ್ತಾನೆ?"